ಮಾಂಟೆರೇಲಿ ಡೈವ್ ಮಾಡೋಕೆ ವೆಟ್‌ಸೂಟ್ ಸಾಕಾ, ಡ್ರೈಸೂಟೇ ಬೇಕಾ? ಚಳಿ ನೀರಿಗೆ ಇಳಿದವರು ಹೇಳಿ

ಸ್ಯಾನ್ ಹೋಸೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಡೈವಿಂಗ್ ಕಲಿತಿದ್ದು ನೇತ್ರಾಣಿಲಿ, ಮುರ್ಡೇಶ್ವರದಿಂದ ಬೋಟಲ್ಲಿ ಹೋಗಿ. ಆಮೇಲೆ ಅಂಡಮಾನಲ್ಲಿ ಒಂದಷ್ಟು ಡೈವ್ ಆಯ್ತು. ಎರಡೂ ಕಡೆ ನೀರು 27-28 ಡಿಗ್ರಿ, 3 ಎಂಎಂ ಸೂಟ್ ಹಾಕ್ಕೊಂಡ್ರೆ ಬೋಟಲ್ಲಿ ಬೆವರು ಕಿತ್ಕೊಂಡು ಬರ್ತಿತ್ತು. ಈಗ ಕೆಲಸದ ಮೇಲೆ ಈ ಕಡೆ ಬಂದಿದೀನಿ, ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೇ ಒಂದೂಕಾಲು ಗಂಟೆ ದಾರಿ, ಅಲ್ಲಿನ ಕೆಲ್ಪ್ (ಮರದೆತ್ತರ ಬೆಳೆಯೋ ಕಡಲಪಾಚಿ) ಕಾಡು ನೋಡ್ಲೇಬೇಕು ಅಂತ ಆಸೆ. ಆದ್ರೆ ನೀರು 11-12 ಡಿಗ್ರಿ ಅಂತಾರೆ, ನಾನೋ ಆಫೀಸ್ ಎಸಿಗೇ ಸ್ವೆಟರ್ ಹಾಕ್ಕೊಳ್ಳೋ ಪಾರ್ಟಿ. 7 ಎಂಎಂ ದಪ್ಪದ ವೆಟ್‌ಸೂಟ್ ತಗೊಳ್ಳಾ, ಇಲ್ಲಾ ದುಡ್ಡು ಹೋದ್ರೆ ಹೋಗ್ಲಿ ಅಂತ ಸೀದಾ ಒಳಗೆ ನೀರೇ ಬಿಡದ ಡ್ರೈಸೂಟ್‌ಗೇ ಹೋಗ್ಲಾ? ಗ್ಲೌಸ್, ತಲೆಗೆ ಹಾಕೋ ಹುಡ್, ಸಿಲಿಂಡರ್ ಗಾಳೀನ ಬಾಯಿಗೆ ಕೊಡೋ ರೆಗ್ಯುಲೇಟರ್ ಇದ್ರಲ್ಲಿ ಮೊದಲು ಯಾವುದಕ್ಕೆ ಖರ್ಚು ಮಾಡ್ಬೇಕು?

ಫ್ರೀಮಾಂಟ್‌ನಿಂದ:

ಗುರುಗಳೇ, ಮೊದಲು ಕಾರ್ಡ್ ಜೇಬೊಳಗಿಡಿ. ಏನೂ ಕೊಳ್ಳಬೇಡಿ, ಒಂದು ಸೀಸನ್ ಬಾಡಿಗೆ ಸೂಟಲ್ಲೇ ಇಳೀರಿ. ಮಾಂಟೆರೇ ಊರಲ್ಲೇ ಡೈವ್ ಅಂಗಡಿಗಳಿವೆ, 7 ಎಂಎಂ ಸೆಟ್ಟು ಹುಡ್, ಗ್ಲೌಸ್, ಬೂಟಿ ಸಮೇತ ಸಿಗತ್ತೆ. ಆಮೇಲೆ ನಮ್ಮವರು ಹಾಕೋ ಲೆಕ್ಕ ಏನಂದ್ರೆ ಮೇ ಜೂನ್ ಅಂದ್ರೆ ಬೇಸಿಗೆ, ನೀರು ಬೆಚ್ಚಗಿರತ್ತೆ ಅಂತ. ಇಲ್ಲಿ ಉಲ್ಟಾ. ಮಾರ್ಚಿಂದ ಹೆಚ್ಚುಕಮ್ಮಿ ಜೂನ್ ತನಕ ವಾಯವ್ಯದಿಂದ ಬೀಸೋ ಗಾಳಿ ಮೇಲಿನ ನೀರನ್ನ ದಡದಿಂದ ಆಚೆ ತಳ್ಳತ್ತೆ, ಆ ಜಾಗಕ್ಕೆ ಆಳದಿಂದ ತಣ್ಣನೆ ನೀರು ಎದ್ದು ಬರತ್ತೆ, ಹಂಗಾಗಿ ಏಪ್ರಿಲ್-ಮೇನಲ್ಲಿ ತಳಕ್ಕೆ ಹೋದ್ರೆ ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ 9-10 ಡಿಗ್ರಿ ತೋರಿಸಿದ್ರೂ ತೋರಿಸ್ತು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ 13-15 ತನಕ ಹೋಗತ್ತೆ, ನೀರೂ ತಿಳಿ ಇರತ್ತೆ. ನಿಮ್ಮ ಮೊದಲ ಡೈವ್ ಆಗ ಇಟ್ಕೊಳ್ಳಿ.

ಸೂಟ್ ವಿಷ್ಯಕ್ಕೆ ಬಂದ್ರೆ, ದಪ್ಪ ಎಷ್ಟು ಅನ್ನೋದಕ್ಕಿಂತ ಮೈಗೆ ಎಷ್ಟು ಅಂಟ್ಕೊಂಡು ಕೂರತ್ತೆ ಅನ್ನೋದು ನೋಡಿ. ವೆಟ್‌ಸೂಟ್ ಒಳಗೆ ನೀರು ಬಂದೇ ಬರತ್ತೆ, ಬಂದಿದ್ದು ಅಲ್ಲೇ ನಿಂತು ಮೈ ಬಿಸಿಗೆ ಬೆಚ್ಚಗಾಗಬೇಕು, ಕೈ ಎತ್ತಿದಾಗೆಲ್ಲ ಹೊಸ ನೀರು ನುಗ್ತಿದ್ರೆ 7 ಎಂಎಂ ಹಾಕ್ಕೊಂಡ್ರೂ ಒಂದೇ ಬಿಟ್ರೂ ಒಂದೇ, ಯಾಕಂದ್ರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿ ಎಳ್ಕೊಳ್ಳತ್ತೆ. ಅಂಗಡೀಲಿ ಹಾಕ್ಕೊಂಡು ಸೊಂಟದ ಹಿಂದಿನ ಗುಳಿ, ಕಂಕುಳು, ಕತ್ತಿನ ಹಿಂಭಾಗ ಈ ಮೂರು ಜಾಗ ನೋಡ್ಕೊಳ್ಳಿ. ಸೊಂಟದ ಹತ್ರ ಬಟ್ಟೆ ಹಿಡಿದು ಎಳೆದು ಬಿಟ್ಟಾಗ ಪುಸಕ್ ಅಂತ ಗಾಳಿ ಸದ್ದು ಬಂತಾ, ಆ ಸೈಜ್ ವಾಪಸ್ ಕೊಡಿ, ಅಲ್ಲಿ ಒಂದು ಚೊಂಬು ತಣ್ಣೀರು ನಿಂತು ಅತ್ತಿಂದಿತ್ತ ಆಡ್ತಾ ಇರತ್ತೆ. ಫಾರ್ಮರ್ ಜಾನ್ (ತೋಳಿಲ್ಲದ, ಎದೆ ತನಕ ಬರೋ) ಪ್ಯಾಂಟ್ ಮೇಲೆ ಜಾಕೆಟ್ ಅನ್ನೋ ಎರಡು ಪೀಸಿನ ಸೆಟ್ಟೋ, ಇಲ್ಲಾ ಒಂದೇ ಪೀಸಿನ ಒಳಗೆ ಹುಡ್ ಇರೋ ವೆಸ್ಟೋ ಕೇಳಿ. ಹುಡ್ಡೂ ವೆಸ್ಟೂ ಒಂದೇ ಆಗಿದ್ರೆ ಕತ್ತಿಂದ ಬೆನ್ನಿಗೆ ಇಳಿಯೋ ನೀರು ನಿಲ್ಲತ್ತೆ.

ವೆಟ್‌ಸೂಟ್ ಮಾಡೋದು ನಿಯೋಪ್ರೀನ್ ಅನ್ನೋ ರಬ್ಬರ್ ಫೋಮಲ್ಲಿ, ಅದರ ಒಳಗಿರೋದೆಲ್ಲ ಅನಿಲದ ಗುಳ್ಳೆ. 20 ಮೀಟರ್‌ನಲ್ಲಿ ಒತ್ತಡ ಮೇಲಿನ ಮೂರರಷ್ಟಾಗತ್ತೆ, ಗುಳ್ಳೆ ಅಪ್ಪಚ್ಚಿ, ಸೂಟು ತೆಳ್ಳಗೆ, ಅಲ್ಲಿಗೆ ನೀರು ಅತಿ ತಣ್ಣಗಿರೋ ಕಡೆನೇ ಸೂಟು ಕೈ ಕೊಡತ್ತೆ. ಅದಕ್ಕೇ ಶುರೂನಲ್ಲಿ ಆಳಕ್ಕೆ ಹೋಗೋ ಹುಚ್ಚು ಬೇಡ, ಮಾಂಟೆರೇಲಿ ಅಲೆ ತಡೆಯೋಕೆ ಕಟ್ಟಿರೋ ಬ್ರೇಕ್‌ವಾಟರ್ ಗೋಡೆ ಪಕ್ಕದಲ್ಲಿ 10 ಮೀಟರ್ ಒಳಗೇ ಬೇಕಾದಷ್ಟಿದೆ, ಸೀ ಲಯನ್‌ಗಳು ಮಾಸ್ಕ್ ಹತ್ರ ಮೂತಿ ತಂದು ನೋಡ್ಕೊಂಡು ಹೋಗ್ತಾವೆ. ಮುಳುಗೋಕೆ ಕಟ್ಕೊಳ್ಳೋ ಸೀಸದ ತೂಕ ಮಾತ್ರ ಹೊಸದಾಗಿ ಚೆಕ್ ಮಾಡಿಸಿ, ನೇತ್ರಾಣಿಲಿ ಮೂರ್ನಾಲ್ಕು ಕೆಜಿ ಕಟ್ಕೊಂಡಿದ್ರೆ ಇಲ್ಲಿ ಹತ್ತು ಹನ್ನೆರಡು ಆದ್ರೂ ಗಾಬರಿ ಬೇಡ. (ಸೂಟಲ್ಲೇ ಉಚ್ಚೆ ಹುಯ್ಕೊಂಡ್ರೆ ಬೆಚ್ಚಗಾಗತ್ತೆ ಅಂತ ಯಾರಾದ್ರೂ ಹೇಳ್ತಾರೆ. ಒಂದು ನಿಮಿಷ ಆಗತ್ತೆ, ಆ ಬಿಸಿನೂ ನಿಮ್ಮದೇ, ಅದೂ ನೀರಿಗೇ ಹೋಗತ್ತೆ. ಎಲ್ಲರೂ ಮಾಡ್ತಾರೆ ಅನ್ನೋದು ಬೇರೆ ಮಾತು, ಬಾಡಿಗೆ ಸೂಟಲ್ಲಾದ್ರೂ ಬೇಡ.)

ಈಗ ನಿಜವಾದ ವಿಷ್ಯ. ಮಾಂಟೆರೇಲಿ ಚಳಿ ಹಿಡಿಯೋದು ನೀರೊಳಗಿಗಿಂತ ಎರಡು ಡೈವ್ ಮಧ್ಯೆ. ಮೊದಲ ಡೈವ್ ಖುಷೀಲಿ ಮುಗಿಯತ್ತೆ, ಮೆಟ್ಟಿಲು ಹತ್ತಿ ಪಾರ್ಕಿಂಗ್‌ಗೆ ಬರ್ತೀರ, ಮಂಜು ಮುಸುಕಿರತ್ತೆ, ಒದ್ದೆ ಸೂಟ್ ಮೇಲೆ ಗಾಳಿ ಹೊಡೆಯತ್ತೆ, ಗಂಟೆ ಹೊತ್ತು ಹಂಗೇ ಮಾತಾಡ್ತಾ ನಿಂತ್ರೆ ಮೈಯಲ್ಲಿದ್ದ ಬಿಸಿಯೆಲ್ಲ ಖಾಲಿ. ಸೂಟ್ ಸೊಂಟದ ತನಕ ಇಳಿಸಿ, ಮೈ ಒರೆಸ್ಕೊಂಡು, ಒಣ ಬನಿಯನ್ ಮೇಲೆ ಗಾಳಿ ತಡೆಯೋ ಉದ್ದನೆ ಕೋಟ್ ಹಾಕಿ, ತಲೆಗೆ ಉಲನ್ ಟೋಪಿ. ಸೂಟ್ ಪೂರ್ತಿ ಬಿಚ್ಚಿದ್ರೆ ಇನ್ನೂ ವಾಸಿ, ಆದ್ರೆ ಒದ್ದೆದನ್ನ ಮತ್ತೆ ಏರಿಸೋ ಹಿಂಸೆ ಯಾರಿಗೆ ಬೇಕು. ಎರಡು ಫ್ಲಾಸ್ಕ್ ತನ್ನಿ. ಒಂದರಲ್ಲಿ ಮೆಣಸಿನ ಸಾರು (ಕಾಫಿಗಿಂತ ಇದೇ ಮೇಲು, ನಂಬಿ). ಇನ್ನೊಂದರಲ್ಲಿ ಬಿಸಿನೀರು, ಅದನ್ನ ಸ್ನಾನದ ಹದಕ್ಕೆ ಬೆರೆಸಿ ಎರಡನೇ ಸಲ ಇಳಿಯೋ ಮುಂಚೆ ಗ್ಲೌಸ್ ಒಳಗೂ ಕತ್ತಿನ ಹತ್ರನೂ ಹುಯ್ಕೊಳ್ಳಿ, ಒಳಗೆ ಮೊದಲೇ ಬೆಚ್ಚನೆ ನೀರು ತುಂಬಿದ್ರೆ ಸಮುದ್ರದ ನೀರಿಗೆ ಜಾಗ ಇರಲ್ಲ.

ಆ ಎರಡನೇ ಡೈವ್ ಮನಸಾರೆ ಮಾಡೋಕಾದ್ರೆ ನಿಮಗೆ ವೆಟ್‌ಸೂಟ್ ಸಾಕು. ಇವತ್ತಿಗೆ ಸಾಕಪ್ಪಾ ಅಂತ ಒಂದಕ್ಕೇ ಕಾರ್ ಹತ್ತೋ ಹಂಗಿದ್ರೆ ಡ್ರೈಸೂಟ್‌ಗೆ ದುಡ್ಡು ಕೂಡಿಡಿ.

ಸಿಯಾಟಲ್‌ನಿಂದ:

ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಂವ, ಈಗ ಇಲ್ಲೇ ಇರ್ತೀನಿ. ನಮ್ಮ ಪ್ಯೂಜೆಟ್ ಸೌಂಡ್ ಅನ್ನೂ ಸಮುದ್ರದ ಒಳಚಾಚಿನ ನೀರು ವರ್ಷಪೂರ್ತಿ 7ರಿಂದ 12-13 ಡಿಗ್ರಿ, ಬ್ಯಾಸಿಗಿ ಬಂದ್ರೂ ಅಷ್ಟ. ಮ್ಯಾಲಿನವ್ರು ಹೇಳಿದ್ದು ಖರೆ ಐತಿ, ಆದ್ರ ನಂದೊಂದು ತಕರಾರು. ಎಸಿಗೇ ಸ್ವೆಟರ್ ಹಾಕ್ಕೊಳ್ಳೋ ಮಂದಿ ಮೊದಲ ವೆಟ್‌ಸೂಟ್ ಕೊಂಡು, ವರ್ಷಕ್ಕ ಬ್ಯಾಸತ್ತು ಡ್ರೈಸೂಟ್ ಕೊಂಡು, ಎರಡೂ ಕಡೆ ರೊಕ್ಕಾ ಹಾಕ್ತಾರ. ಬಾಡಿಗಿ ವೆಟ್‌ಸೂಟ್ ಹಿಡೀರಿ ಬ್ಯಾಡ ಅನ್ನೂದಿಲ್ಲ, ಕೊಳ್ಳೂದಿದ್ರ ಮಾತ್ರ ಡ್ರೈಸೂಟ್ ಕೊಳ್ರಿ.

ಒಂದ್ ಮಾತು ತಿಳ್ಕೋರಿ, ಟ್ರೈಲ್ಯಾಮಿನೇಟ್ (ಮೂರು ಪದರದ ತೆಳು ಬಟ್ಟಿ) ಡ್ರೈಸೂಟ್ ಅಂದ್ರ ಮಳಿ ಕೋಟ್ ಇದ್ದಂಗ, ನೀರು ತಡೀತೈತಿ, ಬೆಚ್ಚಗ ಇಡೂದಿಲ್ಲ. ಬೆಚ್ಚಗ ಇಡೂದು ಒಳಗಿನ ಅರಿವಿ, ಆ ಅರಿವ್ಯಾಗ ನಿಂತ ಗಾಳಿ. ಮೈಗೆ ಹತ್ತಿ ಹಾಕಲೇಬ್ಯಾಡ್ರಿ, ಬೆವರು ಕುಡದು ಅಲ್ಲೇ ತಂಪಾಗಿ ಕುಂದರ್ತೈತಿ. ತೆಳ್ಳನ ಮೆರಿನೋ ಉಣ್ಣಿ ಒಳಗ, ಅದರ ಮ್ಯಾಲ ಥಿನ್ಸುಲೇಟ್ ಅನ್ನೂ ಕೃತಕ ನಾರು ತುಂಬಿದ ಅಂಡರ್‌ಸೂಟ್, ಅದು ತುಸು ಒದ್ದಿ ಆದ್ರೂ ಬಿಸಿ ಹಿಡೀತೈತಿ. ಕ್ರಷ್ಡ್ ನಿಯೋಪ್ರೀನ್ ಸೂಟೂ ಬರ್ತಾವ, ಅವು ತಾವ ಸ್ವಲ್ಪ ಬೆಚ್ಚಗಿರ್ತಾವ, ಆದ್ರ ಭಾಳ ಭಾರ, ಒಣಗಲಿಕ್ಕೆ ಜೀವಾ ತಿಂತಾವ. ಸೂಟ್ ಕೊಳ್ಳೂ ಮುಂದ ನಿಮ್ಮ ಅತೀ ದಪ್ಪ ಅಂಡರ್‌ಸೂಟ್ ಒಳಗ ಹಾಕ್ಕೊಂಡ ಕುಕ್ಕರುಗಾಲಿಲೆ ಕುಂತ ನೋಡ್ರಿ, ಕೈ ಬೆನ್ನ ಹಿಂದ ಸಿಲಿಂಡರ್ ವಾಲ್ವಿಗೆ ಮುಟ್ಟಬೇಕು.

ಇನ್ನ ಸೀಲ್. ಕುತಗಿಗೆ, ಮಣಿಕಟ್ಟಿಗೆ ಲೇಟೆಕ್ಸ್ ಇಲ್ಲಾ ಸಿಲಿಕೋನ್ ಇರ್ತೈತಿ. ತಲಿಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಲೇಟೆಕ್ಸ್ ಎಳೀಬ್ಯಾಡ್ರಿ, ಎಣ್ಣಿ ತಾಗಿ ತಾಗಿ ಅದು ಜಿಗಿಜಿಗಿ ಆಗಿ ಹರೀತೈತಿ. ವಾಸನಿ ಇಲ್ಲದ ಟಾಲ್ಕ್ ಪೌಡರ್ ಹಚ್ಚರಿ, ಏರ್ತೈತಿ. ಮತ್ತ ಕೋರ್ಸ್ ಮಾಡದ ಇಳೀಬ್ಯಾಡ್ರಿ. ಕೆಳಗ ಹೋದಂಗ ಸೂಟ್ ಹಿಂಡತೈತಿ, ಗಾಳಿ ಹಾಕಬೇಕು, ಹಾಕಿದ ಗಾಳಿ ಕಾಲಿಗೆ ಹೋತಂದ್ರ ತೆಲಿಕೆಳಗಾಗಿ ಮ್ಯಾಲ ಹಾರ್ತೀರಿ, ಮೊಣಕಾಲು ಮಡಚಿ ಹೆಂಗ ಉರುಳಿ ಸರಿಮಾಡ್ಕೋಬೇಕು ಅನ್ನೂದು ಈಜುಗೊಳದಾಗ ಕಲಿಯೂ ವಿದ್ಯೆ.

ಲೆಸ್ಟರ್‌ನಿಂದ:

ಇಲ್ಲಿ ಅಣ್ಣಂದಿರೇ ಮಾತಾಡ್ತಿದಾರೆ, ನಾನೂ ಸೇರಿಸ್ತೀನಿ. ನಾವು ಇಳಿಯೋದು ಸ್ಟೋನಿ ಕೋವ್ ಅಂತ ನೀರು ತುಂಬಿರೋ ಹಳೇ ಕಲ್ಲು ಕ್ವಾರಿಲಿ, ಫೆಬ್ರವರಿಲಿ 5 ಡಿಗ್ರಿ ಆಸುಪಾಸು. ರೆಗ್ಯುಲೇಟರ್ ಬಗ್ಗೆ ಯಾರೂ ಹೇಳಿಲ್ವಲ್ಲ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿರೋ ಗಾಳಿ ಫಸ್ಟ್ ಸ್ಟೇಜ್‌ನಲ್ಲಿ (ರೆಗ್ಯುಲೇಟರ್‌ನ ಸಿಲಿಂಡರ್‌ಗೆ ಕೂರೋ ಭಾಗದಲ್ಲಿ) ಒಂದೇ ಸಲ ಹತ್ತು ಬಾರ್‌ನ ಹತ್ರಕ್ಕೆ ಇಳಿದಾಗ ಸೊನ್ನೆಗಿಂತ ತಣ್ಣಗಾಗತ್ತೆ, ಸುತ್ತ ನೀರೂ ತಣ್ಣಗಿದ್ರೆ ಒಳಗೆ ಐಸ್ ಕಟ್ಟಿ ವಾಲ್ವ್ ತೆರೆದೇ ಉಳಿಯತ್ತೆ, ಗಾಳಿ ಬುಸಬುಸ ಅಂತ ಸುರಿಯತ್ತೆ, ಫ್ರೀ ಫ್ಲೋ ಅಂದ್ರೆ ಇದೇ. ಯುರೋಪಿನ ಇಎನ್ 250 ಮಾನದಂಡದಲ್ಲಿ ತಣ್ಣೀರಿನ ಪರೀಕ್ಷೆ 4 ಡಿಗ್ರಿಲಿ ಆಗತ್ತೆ, ಅದಕ್ಕೆ ಒಗ್ಗದ ಮಾಡೆಲ್ ಮೇಲೆ 10 ಡಿಗ್ರಿಗಿಂತ ಮೇಲೆ ಮಾತ್ರ ಅಂತ ಗುರುತು ಹಾಕಿರ್ತಾರೆ. ನೀವು ಊರಿಂದ ತಂದಿರೋ ರೆಗ್ಯುಲೇಟರ್ ಇದ್ರೆ ಅದನ್ನ ತಿರುಗಿಸಿ ನೋಡಿ. ಮಾಂಟೆರೇಗೆ ಒಳಗೆ ನೀರು ಹೋಗದ ಹಾಗೆ ಸೀಲ್ ಮಾಡಿರೋ ಡಯಾಫ್ರಾಮ್ ಫಸ್ಟ್ ಸ್ಟೇಜ್ ಇದ್ರೆ ಚಿಂತೆ ಇಲ್ಲ. ತಣ್ಣನೆ ಗಾಳೀಲಿ ದಡದ ಮೇಲೆ ನಿಂತು ಪರ್ಜ್ (ಗಾಳಿ ಬಿಡೋ ಬಟನ್) ಒತ್ತಿ ಒತ್ತಿ ನೋಡಬೇಡಿ, ಸೂಟ್‌ಗೆ ಗಾಳಿ ಹಾಕೋವಾಗ ಚಿಕ್ಕ ಚಿಕ್ಕದಾಗಿ ಒತ್ತಿ, ಅದೇ ಕ್ಷಣ ಜೋರಾಗಿ ಉಸಿರೂ ಎಳೀಬೇಡಿ.

ಹುಡ್ ಬಗ್ಗೆ: ಮೈ ಬಿಸಿಯ ಅರ್ಧ ತಲೆಯಿಂದಲೇ ಹೋಗತ್ತೆ ಅನ್ನೋದು ಕಟ್ಟುಕಥೆ, ಆದ್ರೂ ಹುಡ್ ಬಿಡಬೇಡಿ. ಒಂದು ಕಿವಿಗೆ ಮೊದಲು ತಣ್ಣೀರು ನುಗ್ಗಿದ್ರೆ ತಲೆ ಗಿರ್ ಅಂತ ತಿರುಗತ್ತೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲ್ಲ. ಹಗ್ಗ ಹಿಡ್ಕೊಂಡು ಸ್ವಲ್ಪ ಹೊತ್ತು ಕಾದ್ರೆ ಹೋಗತ್ತೆ, ಸರಿಯಾಗಿ ಕೂರೋ ಹುಡ್ ಇದ್ರೆ ನೀರು ನಿಧಾನಕ್ಕೆ ಇಳಿಯತ್ತೆ, ತಲೆ ತಿರುಗೋದು ಕಮ್ಮಿ.

ಮಣಿಕಟ್ಟು ಸೋರಿದ್ರೆ ಸೂಟ್‌ನ ಬೈಯೋ ಮುಂಚೆ ಕೈ ನೋಡ್ಕೊಳ್ಳಿ. ನಮ್ಮ ಗುಂಪಿನ ಹುಡುಗ ಒಬ್ಬ ಪ್ರತಿ ಸಲ ಬಲಗೈ ಮೊಣಕೈ ತನಕ ಒದ್ದೆ ಮಾಡ್ಕೊಂಡು ಬರ್ತಿದ್ದ, ಹೊಸ ಸೀಲ್ ಹಾಕಿಸಿದ್ರೂ ಅದೇ ಕಥೆ. ಕೊನೆಗೆ ನೋಡಿದ್ರೆ ಧರ್ಮಸ್ಥಳದಲ್ಲಿ ಕಟ್ಟಿಸ್ಕೊಂಡ ದಾರ, ಸೀಲ್ ಕೆಳಗಿಂದ ಹಾದು ನೀರನ್ನ ಬತ್ತಿ ಎಳ್ಕೊಳ್ಳೋ ಹಂಗೆ ಒಳಗೆ ಎಳೀತಿತ್ತು. ಅವರಮ್ಮನಿಗೆ ಫೋನ್ ಮಾಡಿ ಕೇಳಿ ಮೊಣಕೈ ಮೇಲಕ್ಕೆ ಕಟ್ಕೊಂಡ, ಸೋರೋದು ನಿಂತೋಯ್ತು. ಬಳೆ, ಕತ್ತಿನ ಸರ, ಸೀಲ್ ಒಳಗೆ ಸಿಕ್ಕಿಕೊಂಡ ಒಂದು ಎಳೆ ಕೂದಲು ಎಲ್ಲದಕ್ಕೂ ಇದೇ. ಹೆಣ್ಮಕ್ಕಳಿಗೆ ಇನ್ನೊಂದು ಮಾತು, ಬಾತ್‌ರೂಮ್ ಭಯಕ್ಕೆ ನೀರು ಕುಡಿಯೋದು ಬಿಡಬೇಡಿ. ತಣ್ಣೀರಲ್ಲಿ ಮೂತ್ರ ಜಾಸ್ತಿ ಬರತ್ತೆ, ಮೈಯಲ್ಲಿ ನೀರಿನಂಶ ಕಮ್ಮಿಯಾಗತ್ತೆ. ಡೈಪರ್ ಹಾಕ್ಕೊಳ್ಳಿ, ಅರ್ಧ ದೋಣಿಯವರು ಅದನ್ನೇ ಹಾಕ್ಕೊಂಡಿರ್ತಾರೆ.

ಮೆಲ್ಬರ್ನ್‌ನಿಂದ:

ಚಿಕ್ಕದಾಗಿ ಹೇಳ್ತೀನಿ. ಇಲ್ಲಿ ಫ್ಲಿಂಡರ್ಸ್ ಪಿಯರ್ ಕೆಳಗೆ ವೀಡಿ ಸೀ ಡ್ರ್ಯಾಗನ್ (ಕಡಲಕುದುರೆ ಜಾತಿಯ ಮೀನು) ನೋಡೋಕೆ ಹೋಗ್ತೀವಿ, ಆಳ ನಾಲ್ಕೈದು ಮೀಟರ್, ಚಳಿಗಾಲದಲ್ಲಿ ನೀರು 11-12. ಅಷ್ಟು ಮೇಲೆ ಸೂಟ್ ಜಾಸ್ತಿ ಹಿಂಡಿಹೋಗಲ್ಲ, 7 ಎಂಎಂನಲ್ಲೇ ಗಂಟೆ ಹೊತ್ತು ಇರಬಹುದು. ಕೈ ಮಾತ್ರ ಮೊದಲು ಸೋಲತ್ತೆ. ಬೆರಳು ಮರಗಟ್ಟಿ ಬಿಸಿಡಿ (ತೇಲೋಕೆ ಗಾಳಿ ತುಂಬೋ ಜಾಕೆಟ್) ಬಟನ್ ಸಿಗ್ತಿಲ್ಲ ಅಂದ್ರೆ ಡೈವ್ ಮುಗೀತು ಅಂತಲೇ ಲೆಕ್ಕ. ಬಾಡಿಗೆ ಗ್ಲೌಸ್ ಹಿಗ್ಗಿರ್ತಾವೆ, ಅದಕ್ಕೇ ನಾನು ಹೇಳೋದು ಮೊದಲ ಖರ್ಚು ನಿಮ್ಮ ಅಳತೆಯ 5 ಎಂಎಂ ಗ್ಲೌಸ್‌ಗೆ ಮತ್ತೆ ಹುಡ್‌ಗೆ ಹಾಕಿ ಅಂತ.

ಸ್ಯಾನ್ ಹೋಸೆಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ಲೌಸ್, ಹುಡ್ ಕೊಳ್ತೀನಿ, ಉಳಿದಿದ್ದು ಬಾಡಿಗೆ, ಸೆಪ್ಟೆಂಬರ್‌ಗೆ ಪ್ಲಾನ್. ಇನ್ನೆರಡು ಕೇಳ್ತೀನಿ. ಬ್ಯಾಟರಿ ಹೀಟೆಡ್ ವೆಸ್ಟ್ ಹೆಂಗೆ? ಮತ್ತೆ ಫ್ರೆಂಡ್ಸ್ ಐಸ್‌ಲ್ಯಾಂಡಿನ ಸಿಲ್ಫ್ರಾ ಅನ್ನೋ ನೀರು ತುಂಬಿದ ಬಿರುಕಿಗೆ ಡೈವ್‌ಗೆ ಕರೀತಿದಾರೆ. ಜೊತೆಗೆ ಇಲ್ಲೊಬ್ಬರು ಹಳೇ ಡ್ರೈಸೂಟ್ ಅಗ್ಗಕ್ಕೆ ಮಾರ್ತಿದಾರೆ, ನೋಡ್ಲಾ?

ಫ್ರೀಮಾಂಟ್‌ನಿಂದ:

ಹೀಟೆಡ್ ವೆಸ್ಟ್ ಚೆನ್ನಾಗಿರತ್ತೆ, ಆದ್ರೆ ಅದನ್ನ ನಂಬಿ ಒಳಬಟ್ಟೆ ಕಮ್ಮಿ ಮಾಡಬೇಡಿ, ಬ್ಯಾಟರಿ ಸತ್ರೂ ಮೇಲೆ ಬರೋ ತನಕ ತಡ್ಕೊಳ್ಳೋ ಹಂಗಿರಬೇಕು. ಇನ್ನೂ ಒಂದಿದೆ. ತಳದಲ್ಲಿ ಬೆಚ್ಚಗಿದ್ದು ಮೇಲೆ ಬರ್ತಾ ತಣ್ಣಗಾಗೋದು ಡಿಕಂಪ್ರೆಷನ್ ತೊಂದರೆಗೆ (ಮೈಯಲ್ಲಿ ನೈಟ್ರೋಜನ್ ಗುಳ್ಳೆ ಏಳೋದಕ್ಕೆ) ದಾರಿ ಅಂತ ಅಮೆರಿಕ ನೌಕಾಪಡೆಯ ಡೈವಿಂಗ್ ಪ್ರಯೋಗಗಳಲ್ಲೇ ಕಂಡಿದೆ. ಬೆಚ್ಚಗಿದ್ದಾಗ ರಕ್ತ ಓಡಾಡಿ ನೈಟ್ರೋಜನ್ ಒಳಗೆ ತುಂಬಿಸತ್ತೆ, ಆಮೇಲೆ ಚಳಿಗೆ ರಕ್ತನಾಳ ಮುದುಡಿ ಅದನ್ನ ಹೊರಗೆ ಬಿಡಲ್ಲ. ಹಂಗಾಗಿ ಇಳಿಯೋವಾಗಲೇ ವೆಸ್ಟ್‌ನ ಹೀಟ್ ಫುಲ್ ಹಾಕಬೇಡಿ, ಮೇಲೆ ಬರೋಕೆ ಶುರು ಮಾಡಿದಾಗ ಹಾಕಿ.

ಸಿಲ್ಫ್ರಾ ನೀರು ವರ್ಷವಿಡೀ 2ರಿಂದ 4 ಡಿಗ್ರಿ, ಅಲ್ಲಿ ಡ್ರೈಸೂಟ್ ಬಿಟ್ಟು ಮಾತೇ ಇಲ್ಲ. ಡೈವ್ ಮಾಡೋಕೆ ಡ್ರೈಸೂಟ್ ಸರ್ಟಿಫಿಕೇಟೋ ಡ್ರೈಸೂಟಲ್ಲಿ ಮಾಡಿದ ಡೈವ್‌ಗಳ ಲಾಗ್‌ಬುಕ್ಕೋ ಕೇಳ್ತಾರೆ. ನೂರು ಮೀಟರ್ ಆಚೆಗೂ ಕಾಣೋ ನೀರು, ಹೋಗ್ಲೇಬೇಕು, ಆದ್ರೆ ಇಲ್ಲಿ ಕೋರ್ಸ್ ಮುಗಿಸಿ ಹೋಗಿ. ತುಟಿ ಮರಗಟ್ಟತ್ತೆ, ಬಾಯಲ್ಲಿ ಮೌತ್‌ಪೀಸ್ ಇದೆಯೋ ಇಲ್ವೋ ಅನ್ಸತ್ತೆ, ಅದೊಂದಕ್ಕೆ ತಯಾರಾಗಿರಿ.

ಸಿಯಾಟಲ್‌ನಿಂದ:

ಹಳೇ ಸೂಟ್ ಬಗ್ಗೆ ನಾ ಹೇಳ್ತೀನ್ರೀ. ಮೊದಲ ಜಿಪ್ ನೋಡ್ರಿ, ಹಿತ್ತಾಳಿದು ಇದ್ರ ಮೆಲ್ಲಕ ಬಾಗಿಸಿ ಹಲ್ಲಿನ ಬುಡದಾಗ ಬಟ್ಟಿ ಸೀಳೈತೇನು ನೋಡ್ರಿ. ಸೀಲ್ ಎಳದ ನೋಡ್ರಿ, ಬಿರುಕು ಬಿಟ್ಟಿದ್ರ ಇಲ್ಲಾ ಕೈಗೆ ಅಂಟಿದ್ರ ಬದಲಿಸೂದ. ಆಮ್ಯಾಲ ಸೀಲಿಗೆ ಬಾಟ್ಲಿ ತುರುಕಿ, ಸೂಟಿನ್ಯಾಗ ಗಾಳಿ ತುಂಬಿ, ಸಾಬೂನು ನೀರು ಸವರ್ರಿ, ಎಲ್ಲಿ ಗುಳ್ಳಿ ಏಳ್ತಾವ ಅಲ್ಲಿ ತೂತು. ಸೀಲ್ ಬದಲಿಸೂದು ದೊಡ್ಡ ಖರ್ಚಲ್ಲ, ಜಿಪ್ ಮಾತ್ರ ನೂರಾರು ಡಾಲರ್ ತಿಂತೈತಿ, ಅದು ಹೋಗಿದ್ರ ಅಷ್ಟು ಕಳದು ರೇಟ್ ಕೇಳ್ರಿ. ಅವ್ರು ಒಪ್ಪಲಿಲ್ಲಂದ್ರ ಬಿಟ್ಟ ಬರ್ರಿ, ಸೀಸನ್ ಮುಗಿಯೂದ್ರಾಗ ಇನ್ನೊಂದು ಬರ್ತೈತಿ.