ಬೈಕ್ ಓಡಿಸಿ ಪಳಗಿದವರಿಗೆ ಉನ್ನತ ಸವಾರಿ ತರಬೇತಿಯಿಂದ ಪ್ರಯೋಜನವಿದೆಯೇ?

ಹೆಬ್ಬಾಳದ ಸವಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಾಲೇಜಿನ ದಿನಗಳಿಂದಲೂ ಬೈಕೇ ನನ್ನ ನಿತ್ಯದ ವಾಹನ. ಹೆಬ್ಬಾಳದಿಂದ ಹೊರವರ್ತುಲ ರಸ್ತೆಯಲ್ಲಿ ಮಾರತ್ತಹಳ್ಳಿಯ ಕಚೇರಿಗೆ ಹೋಗಿಬರುತ್ತೇನೆ. ಬಿಡುವು ಸಿಕ್ಕಾಗ 350 ಸಿಸಿ ಬೈಕಿನಲ್ಲಿ ಚಿಕ್ಕಮಗಳೂರು, ಸಕಲೇಶಪುರದ ಕಡೆಗೂ ಹೋಗುವುದುಂಟು. ದೇವರ ದಯೆಯಿಂದ ಇದುವರೆಗೆ ದೊಡ್ಡ ಅಪಘಾತವೇನೂ ಆಗಿಲ್ಲ. ನಗರದ ಹೊರವಲಯದಲ್ಲಿ ಎರಡು ದಿನಗಳ ಉನ್ನತ ಸವಾರಿ ತರಬೇತಿಯೊಂದು ನಡೆಯಲಿದೆ ಎಂದು ಗೆಳೆಯರೊಬ್ಬರು ತಿಳಿಸಿದ್ದಾರೆ. ಶುಲ್ಕ ಕಡಿಮೆಯೇನಲ್ಲ, ಆದ್ದರಿಂದ ಸೇರುವ ಮೊದಲು ಬಲ್ಲವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ನಮ್ಮ ಸೋದರಮಾವ, "ಹಾಡುತ್ತಾ ಹಾಡುತ್ತಾ ರಾಗ. ಇಷ್ಟು ವರ್ಷ ಓಡಿಸಿದವನಿಗೆ ಇನ್ಯಾರು ಏನು ಕಲಿಸುತ್ತಾರೆ?" ಎನ್ನುತ್ತಾರೆ. ಆದರೆ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿ ಡಿಎಲ್ ಪಡೆದ ಮೇಲೆ ನನ್ನ ಸವಾರಿಯನ್ನು ಹಿಂದಿನಿಂದ ಗಮನಿಸಿ ಇದು ಸರಿ, ಇದು ಸರಿಯಿಲ್ಲ ಎಂದು ಹೇಳಿದವರು ಒಬ್ಬರೂ ಇಲ್ಲ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ಅನುಭವವಿರುವವರಿಗೆ ಇಂಥ ತರಬೇತಿಯಿಂದ ನಿಜವಾಗಿ ಸುರಕ್ಷತೆ ಹೆಚ್ಚುತ್ತದೆಯೇ?

ಚೈನ್ ಸ್ಪ್ರಾಕೆಟ್:

ಖಂಡಿತ ಸೇರಿ ಸರ್. ಬೇರೆಲ್ಲ ಕಾರಣಗಳನ್ನು ಪಕ್ಕಕ್ಕಿಟ್ಟರೂ ಬ್ರೇಕ್ ಒಂದಕ್ಕಾಗಿಯೇ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಬಹುತೇಕರಿಗೆ ಬೈಕ್ ಕಲಿಸಿದ ಅಣ್ಣನೋ ಚಿಕ್ಕಪ್ಪನೋ ಮೊದಲು ಹೇಳುವ ಮಾತೇ "ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ" ಎಂಬುದು. ಮಣ್ಣುರಸ್ತೆಯಲ್ಲಿ ಕಲಿಯುವ ಹುಡುಗನಿಗೆ ಆ ಎಚ್ಚರಿಕೆ ಸರಿಯೇ. ಆದರೆ ಡಾಂಬರು ರಸ್ತೆಯಲ್ಲಿ ಬ್ರೇಕ್ ಹಿಡಿದೊಡನೆ ಭಾರವೆಲ್ಲ ಮುಂದಕ್ಕೆ ಸರಿದು, ಮುಂದಿನ ಟೈರ್ ನೆಲವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಾಗಾಗಿ ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ನಾವು ಮುಟ್ಟಲು ಹೆದರುವ ಮುಂದಿನ ಬ್ರೇಕಿನಲ್ಲಿಯೇ.

ಇದನ್ನು ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಎರಡೂ ಬ್ರೇಕ್‌ಗಳನ್ನು ಚೆನ್ನಾಗಿ ಬಳಸಬಲ್ಲ ಸವಾರ, ಬ್ರೇಕ್ ಹಿಡಿದ ಜಾಗದಿಂದ ಸುಮಾರು 20 ಮೀಟರಿನೊಳಗೆ ನಿಲ್ಲಬಹುದು. ಹಿಂದಿನ ಬ್ರೇಕನ್ನು ಮಾತ್ರ ತುಳಿಯುವವರಿಗೆ ಸುಮಾರು 35 ಮೀಟರ್ ಬೇಕಾಗುತ್ತದೆ. ಬೇರೆ ರೀತಿಯಲ್ಲಿ ಹೇಳುವುದಾದರೆ, ಮೊದಲನೆಯವರು ಪೂರ್ತಿಯಾಗಿ ನಿಂತ ಜಾಗವನ್ನು ಎರಡನೆಯವರು ಇನ್ನೂ 40 ಕಿ.ಮೀ.ಗೆ ಹತ್ತಿರದ ವೇಗದಲ್ಲಿ ದಾಟುತ್ತಿರುತ್ತಾರೆ. ಆ ಜಾಗದಲ್ಲಿ ಅಡ್ಡ ಬಂದ ಕಾರಿನ ಬಾಗಿಲಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಬಿಎಸ್ ಇದೆಯಲ್ಲ ಎಂದು ಕೆಲವರು ಕೇಳಬಹುದು. 125 ಸಿಸಿಗಿಂತ ದೊಡ್ಡ ಬೈಕ್‌ಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ. ಅದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಬ್ರೇಕ್ ಬಿಗಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವುದಷ್ಟೇ ಅದರ ಕೆಲಸ, ನಮ್ಮ ಪರವಾಗಿ ಅದು ಬ್ರೇಕ್ ಹಿಡಿಯುವುದಿಲ್ಲ. ಮುಂದಿನ ಬ್ರೇಕ್ ಎಂದರೆ ಹೆದರುವ ಸವಾರರು ಎಬಿಎಸ್ ಕೆಲಸ ಆರಂಭಿಸುವ ಹಂತದವರೆಗೆ ಲಿವರನ್ನು ಒತ್ತುವುದೇ ಇಲ್ಲ. ದಿನನಿತ್ಯದ ಓಡಾಟದಲ್ಲಿ ನಾವು ಹಿತವಾಗಿ, ನಿಧಾನವಾಗಿ ಬ್ರೇಕ್ ಹಾಕುತ್ತೇವೆ. ಪೂರ್ಣ ಬಲದ ಬ್ರೇಕ್ ಬೇಕಾಗುವ ಸಂದರ್ಭ ಅಪರೂಪ. ಹೀಗಾಗಿ ಎಷ್ಟೇ ವರ್ಷ ಓಡಿಸಿದರೂ ಆ ಒಂದು ಕೌಶಲ ತಾನಾಗಿ ಬೆಳೆಯುವುದಿಲ್ಲ.

ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅವರ ನೇತೃತ್ವದ ತಂಡವೊಂದು ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿ ಪ್ರಕಟಿಸಿತು. ಅಪಘಾತ ತಪ್ಪಿಸಿಕೊಳ್ಳಲು ಸವಾರರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಎರಡು ಸೆಕೆಂಡಿಗಿಂತಲೂ ಕಡಿಮೆ ಸಮಯ; ಅಷ್ಟರಲ್ಲಿ ಹೆಚ್ಚಿನವರು ಮಾಡಿದ್ದು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿದ್ದು, ಮುಂದಿನ ಬ್ರೇಕನ್ನು ಸಾಲದಷ್ಟೇ ಬಳಸಿದ್ದು. ಅವರಲ್ಲಿ ಶೇ. 92ರಷ್ಟು ಮಂದಿ ತಾವಾಗಿಯೇ ಅಥವಾ ಮನೆಯವರು, ಗೆಳೆಯರಿಂದ ಬೈಕ್ ಕಲಿತವರಾಗಿದ್ದರು.

ನಿಮ್ಮ ಮಾವನವರ ಗಾದೆ ಸುಳ್ಳಲ್ಲ. ಆದರೆ ಶ್ರುತಿ ತಪ್ಪಿದಾಗ ಹೇಳುವವರಿಲ್ಲದೆ ಹಾಡುತ್ತಾ ಹೋದರೆ ಗಟ್ಟಿಯಾಗುವುದು ಆ ಅಪಶ್ರುತಿಯೇ.

ಮಲ್ಲೇಶ್ವರದ ಓದುಗ:

ಬ್ರೇಕ್ ಬಗ್ಗೆ ಮೇಲಿನವರು ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ತಿಳಿಯಬಯಸಿದ್ದು ಸುರಕ್ಷತೆ ನಿಜವಾಗಿ ಹೆಚ್ಚುತ್ತದೆಯೇ ಎಂಬುದನ್ನು. ಅದಕ್ಕೆ ಇಷ್ಟು ಸಲೀಸಾಗಿ ಹೌದೆನ್ನಲು ಬರುವುದಿಲ್ಲ. ಬೈಕ್ ಸವಾರರ ತರಬೇತಿಯ ಕುರಿತ 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಯೊಂದನ್ನು, ಆರೋಗ್ಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2010ರಲ್ಲಿ ಹೊರತಂದಿತು. ಅಧ್ಯಯನಗಳ ಗುಣಮಟ್ಟ ಸಾಲದ ಕಾರಣ, ತರಬೇತಿಯಿಂದ ಅಪಘಾತ ಕಡಿಮೆಯಾಗುತ್ತದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ಬರಲು ಸಾಧ್ಯವಿಲ್ಲ ಎಂದೇ ಅದು ಹೇಳಿತು. ತರಬೇತಿ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಪ್ರಯೋಜನ ಸಾಬೀತಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದಷ್ಟೇ.

ನಾರ್ವೆಯಲ್ಲಿ ಕಾರು ಚಾಲಕರಿಗೆ ಜಾರುವ ರಸ್ತೆಯಲ್ಲಿ ವಾಹನ ನಿಯಂತ್ರಿಸುವ ತರಬೇತಿಯನ್ನು ಕಡ್ಡಾಯ ಮಾಡಿದ ಮೇಲೆ, ಯುವಕರಲ್ಲಿ ಅಂಥ ರಸ್ತೆಗಳ ಅಪಘಾತ ತಗ್ಗುವ ಬದಲು ಹೆಚ್ಚಾದದ್ದು ಕಂಡುಬಂತು. ಕಾರಣ ಊಹಿಸುವುದು ಕಷ್ಟವಲ್ಲ: ಜಾರಿದರೂ ಸರಿಪಡಿಸಿಕೊಳ್ಳಬಲ್ಲೆ ಎಂಬ ಧೈರ್ಯ ಬಂದವರು ಜಾರುವ ವೇಗದಲ್ಲಿಯೇ ಓಡಿಸತೊಡಗುತ್ತಾರೆ. ಎರಡು ದಿನ ತಿರುವುಗಳಲ್ಲಿ ಬೈಕ್ ಬಾಗಿಸುವುದನ್ನು ಕಲಿತು ಬಂದವರು ಮುಂದಿನ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ಅದನ್ನು ಪರೀಕ್ಷಿಸಲು ಹೊರಟರೆ, ಆ ತರಬೇತಿಯಿಂದ ಅಪಾಯವೇ ಹೆಚ್ಚು.

ಆದ್ದರಿಂದ ತರಬೇತಿ ಬೇಕೇ ಎಂಬುದಕ್ಕಿಂತ ಎಂಥ ತರಬೇತಿ ಎಂಬುದು ಮುಖ್ಯ. ಬ್ರಿಟನ್ನಿನಲ್ಲಿ ಪೊಲೀಸ್ ಸವಾರರ ತರಬೇತಿಯಿಂದ ಬೆಳೆದುಬಂದ ಪದ್ಧತಿಯೊಂದಿದೆ. ಅಲ್ಲಿ ಮೊದಲ ಸ್ಥಾನ ಮಾಹಿತಿಗೆ, ಅಂದರೆ ಕಣ್ಣಿಗೆ. ಆಮೇಲೆ ರಸ್ತೆಯ ಅಗಲದಲ್ಲಿ ಬೈಕ್ ಸಾಗಬೇಕಾದ ಜಾಗ, ವೇಗ, ಗೇರು, ಕೊನೆಗೆ ಆಕ್ಸಿಲರೇಟರ್. ಕಣ್ಣಿಗೆ ತೆರವಾಗಿ ಕಾಣುವ ದೂರದೊಳಗೆ, ನಮ್ಮ ಬದಿಯಲ್ಲಿಯೇ ನಿಲ್ಲಿಸಲು ಆಗುವಷ್ಟು ವೇಗ ಮಾತ್ರ ಇರಬೇಕು ಎಂಬುದು ಅದರ ಮೂಲ ನಿಯಮ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಆ ಒಂದು ನಿಯಮವನ್ನು ಪಾಲಿಸಿದರೂ ಅದೆಷ್ಟೋ ಜೀವಗಳು ಉಳಿಯುತ್ತವೆ.

ಕೆಂಗೇರಿಯವಳು:

ಇಬ್ಬರ ಮಾತೂ ನನಗೆ ಸರಿಯೆನಿಸಿತು. ಮಲ್ಲೇಶ್ವರದವರು ಹೇಳಿದ ಬಗೆಯ ತರಬೇತಿಯನ್ನು ನಾನು ಪಡೆದಿರುವುದರಿಂದ ಅದು ಹೇಗಿರುತ್ತದೆ ಎಂದು ಬರೆಯುತ್ತೇನೆ. ಕೆಂಗೇರಿಯಿಂದ ಬಿಡದಿಗೆ ದಿನವೂ ಹೋಗುವವಳು ನಾನು. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ನಮ್ಮ ಓಡಾಟವೆಲ್ಲ ಸರ್ವೀಸ್ ರಸ್ತೆಯಲ್ಲಿ. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರ್, ಗುರುತೇ ಇಲ್ಲದ ಹಂಪ್, ರಸ್ತೆಗೆ ಹರಡಿದ ಎಂ-ಸ್ಯಾಂಡ್ ಎಲ್ಲವೂ ಅಲ್ಲಿ ಮಾಮೂಲಿ.

ತರಬೇತುದಾರರು ಹೆಲ್ಮೆಟ್‌ನೊಳಗೆ ಇಂಟರ್‌ಕಾಮ್ ಹಾಕಿಸಿ, ತಾವು ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಾ, "ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಿ ಮೇಡಂ" ಎಂದರು. "ಮುಂದೆ ಬಿಎಂಟಿಸಿ ಬಸ್ ನಿಂತಿದೆ" ಎಂದೆ. ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ಬಸ್ಸಿನ ಅಡಿಯಿಂದ ಆಚೆ ಬದಿಯ ಕಾಲುಗಳು ಕಾಣುತ್ತಿವೆಯೇ ನೋಡಿ ಎಂದರು. ಕಾಣುತ್ತಿದ್ದವು, ಎರಡು ಜೊತೆ ಕಾಲುಗಳು ಬಸ್ಸಿನ ಮುಂಭಾಗದತ್ತ ನಡೆಯುತ್ತಿದ್ದವು, ಎಂದರೆ ಇನ್ನೆರಡು ಕ್ಷಣಗಳಲ್ಲಿ ಅವರು ಬಸ್ಸಿನ ಮುಂದಿನಿಂದ ರಸ್ತೆಗೆ ಇಳಿಯುವವರಿದ್ದರು. ನಿಂತ ಕಾರಿನ ಮುಂದಿನ ಚಕ್ರ ರಸ್ತೆಯ ಕಡೆ ತಿರುಗಿದೆಯೇ, ಆಟೋದವರು ಬಾಡಿಗೆ ಹುಡುಕುತ್ತಾ ಎಡಕ್ಕೆ ಬಗ್ಗಿ ನೋಡುತ್ತಿದ್ದಾರೆಯೇ, ಮೊದಲ ಮಳೆಗೆ ಉದುರಿದ ಗುಲ್‌ಮೊಹರ್ ಹೂವು ತಿರುವಿನಲ್ಲಿ ಒದ್ದೆಯಾಗಿ ಅಂಟಿಕೊಂಡಿದೆಯೇ: ಹೀಗೆ ಅವರು ಕೇಳುತ್ತಾ ಹೋದರು. ಇವೆಲ್ಲ ಮೊದಲೂ ನನ್ನ ಕಣ್ಣಿಗೆ ಬೀಳುತ್ತಿದ್ದವು. ಕಂಡದ್ದರಿಂದ ಮುಂದೇನಾಗಬಹುದು ಎಂದು ಲೆಕ್ಕ ಹಾಕಿ, ಬ್ರೇಕ್ ಬೇಕಾಗುವ ಮೊದಲೇ ಆಕ್ಸಿಲರೇಟರ್ ಸಡಿಲಿಸುವುದು ಅಭ್ಯಾಸವಾದದ್ದು ಆ ತರಬೇತಿಯಿಂದ.

ಇದರಿಂದ ನನ್ನ ವೇಗ ಹೆಚ್ಚಲಿಲ್ಲ. ಗಕ್ಕನೆ ಬ್ರೇಕ್ ಹಾಕಬೇಕಾದ ಸಂದರ್ಭಗಳು ಮಾತ್ರ ಸ್ಪಷ್ಟವಾಗಿ ಕಡಿಮೆಯಾಗಿವೆ. ನನ್ನ ಹಿಂದೆ ಕೂರುವ ಮಗಳೇ ಅದನ್ನು ಮೊದಲು ಗಮನಿಸಿ ಹೇಳಿದ್ದು.

ಹೆಬ್ಬಾಳದ ಸವಾರ:

ಮೂವರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಗೆಳೆಯರು ಹೇಳಿದ ತರಬೇತಿಗೆ ಬದಲಾಗಿ ರೇಸ್ ಟ್ರ್ಯಾಕ್‌ನಲ್ಲಿ ನಡೆಯುವ ಶಿಬಿರಕ್ಕೆ ಹೋದರೆ ಹೇಗೆ?

ಚೈನ್ ಸ್ಪ್ರಾಕೆಟ್:

ಟ್ರ್ಯಾಕ್ ಶಿಬಿರಗಳನ್ನು ನಾನು ಅಲ್ಲಗಳೆಯುವುದಿಲ್ಲ. ಕೀತ್ ಕೋಡ್ 1980ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿಯೂ ಶಿಬಿರಗಳನ್ನು ನಡೆಸಿದೆ. ಎಡಕ್ಕೆ ತಿರುಗಲು ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು ಎಂಬುದನ್ನು ಬೈಕ್ ಓಡಿಸುವವರೆಲ್ಲರೂ ಅರಿವಿಲ್ಲದೆಯೇ ಮಾಡುತ್ತಿರುತ್ತಾರೆ. ಅದನ್ನು ಅರಿತು, ಗಾಬರಿಯಲ್ಲಿಯೂ ಮಾಡುವಂತಾಗಲು ಎದುರಿನಿಂದ ಯಾರೂ ಬಾರದ ಟ್ರ್ಯಾಕ್‌ಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿ ಬಸ್ಸಿನ ಮುಂದಿನಿಂದ ಯಾರೂ ಇಳಿಯುವುದಿಲ್ಲ, ಮರಳೂ ಇರುವುದಿಲ್ಲ. ನಿಮ್ಮ ಓಡಾಟ ಹೆಚ್ಚಾಗಿ ಹೊರವರ್ತುಲ ರಸ್ತೆಯಲ್ಲಿ ಆಗಿರುವುದರಿಂದ ಮೊದಲು ರಸ್ತೆ ಸವಾರಿಯ ತರಬೇತಿ, ಆಮೇಲೆ ಮನಸ್ಸಿದ್ದರೆ ಟ್ರ್ಯಾಕ್ ಎಂಬ ಕ್ರಮವೇ ಸರಿ.

ಹಣ ಕಟ್ಟುವ ಮೊದಲು ಆಯೋಜಕರಿಗೆ ಫೋನ್ ಮಾಡಿ, ನಮ್ಮದೇ ಬೈಕಿನಲ್ಲಿ ಕಲಿಸುತ್ತೀರಾ, ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ, ನಿಜವಾದ ರಸ್ತೆಯಲ್ಲಿ ಹಿಂದೆ ಬಂದು ಗಮನಿಸುತ್ತೀರಾ, ಬ್ರೇಕ್ ಅಭ್ಯಾಸದಲ್ಲಿ ನಿಂತ ದೂರವನ್ನು ಅಳೆದು ತೋರಿಸುತ್ತೀರಾ ಎಂದು ಕೇಳಿ. ಕೊನೆಯ ಎರಡಕ್ಕೆ ಇಲ್ಲ ಎಂದರೆ ಬೇರೆ ತರಬೇತಿ ಹುಡುಕುವುದು ಮೇಲು. ಹೊರಡುವ ಹಿಂದಿನ ದಿನ ಟೈರ್ ಗಾಳಿ, ಬ್ರೇಕ್ ಪ್ಯಾಡ್‌ಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ; ಅಲ್ಲಿ ಮುಂದಿನ ಬ್ರೇಕಿಗೆ ಕೆಲಸ ಹೆಚ್ಚಿರುತ್ತದೆ.