ಆರು ದಿನದ ಏಳು ಕುನ್ನಿ, ಎರಡು ಹಿಂದ ಬಿದ್ದಾವ. ನೀವು ಹ್ಯಾಂಗ ಸಾಕೀರಿ?

ಹೊಸ ಮಾಲಕ, ಕಲಬುರಗಿ: ಮನ್ಯಾಗ ಲ್ಯಾಬ್ರಡಾರ್ ಹಡದದ. ಏಳು ಮರಿ, ಇವತ್ತಿಗಿ ಆರು ದಿನ. ಐದು ಗಟ್ಟಿ ಅವ. ಎರಡು 400 ಗ್ರಾಂದಾಗೇ ನಿಂತಾವ, ರಾತ್ರಿಯೆಲ್ಲ ಕುಂಯ್‌ಗುಡ್ತಾವ. ಹೊರಗ ಏಪ್ರಿಲ್ ಬಿಸಿಲು, ಒಳಗ ಕೂಲರ್. ಈ ಜಳದಾಗ ಬಲ್ಬ್ ಬೇಕೇನ್ರಿ? ಮ್ಯಾಲಿನ ಹಾಲು ಯಾವ್ದು, ಎಷ್ಟು? ಸಾಕಿದವರು ಹೇಳ್ರಿ.

ಶಹಾಬಾದಿ ಫರಸಿ: ಬಲ್ಬ್ ಬೇಕೇ ಬೇಕು. ಮೊದಲ ವಾರ ಮರಿಗಿ ನಡುಕ ಬರಂಗಿಲ್ಲ, ಮೈ ತಾನೇ ಬಿಸಿ ಮಾಡ್ಕೊಳ್ಳಾಕ ಆಗಂಗಿಲ್ಲ. ಮರಿ ಮಲಗೋ ಮಟ್ಟದಾಗ 29ರಿಂದ 32 ಡಿಗ್ರಿ ಇರ್ಬೇಕು, ಎರಡನೇ ವಾರ 27-29, ಆಮ್ಯಾಲ ಇಳಸ್ತಾ ಹೋಗೋದು. ಥರ್ಮಾಮೀಟರ್ ಗ್ವಾಡಿಗಿ ತೂಗಹಾಕಿದ್ರ ಸುಳ್ಳು ಲೆಕ್ಕ ಬರ್ತದ, ಹಾಸಿಗಿ ಮ್ಯಾಲೇ ಇಡ್ರಿ. ನಮ್ಮ ಡಬ್ಬಿ 4 ಫೂಟ ಚೌಕ, ಎತ್ತರ ಒಂದೂವರೆ ಫೂಟ. ಪ್ಲೈವುಡ್ ₹1,900, ಬಡಿಗ್ಯಾಗ ₹600, ಹೋಲ್ಡರ್ ವಾಯರ್ ₹140. ಬಲ್ಬ್ 60 ವ್ಯಾಟಿಂದು, ಹಳೇ ತಂತಿ ಬಲ್ಬೇ ಬೇಕು. ಅಂಗಡ್ಯಾಂವ ಎಲ್ಇಡಿ ಕೊಡ್ತಾನ, ಅದು ಬೆಳಕು ಕೊಡ್ತದ, ಕಾವು ಕೊಡಂಗಿಲ್ಲ. ಒಂದೇ ಮೂಲಿಗಿ, ಎರಡೂವರೆ ಫೂಟ ಮ್ಯಾಲ ಕಟ್ರಿ, ಕಾವು ಸಾಕಾಗದ ಮರಿ ಆ ಕಡಿ ಸರೀಲಿ, ಸೆಕಿ ಆದದ್ದು ಈ ಕಡಿ ಬರ್ಲಿ. ಫರಸಿ ಮ್ಯಾಲ ಬರೇ ಪೇಪರ್ ಹಾಸಬ್ಯಾಡ್ರಿ. ಕಲ್ಲು ಕಾವು ಹೀರ್ತದ, ಪೇಪರ್ ಜಾರ್ತದ, ಮರಿ ಹಿಂಗಾಲು ಎರಡೂ ಕಡಿ ಹರವಿ ಕಪ್ಪಿ ಹಂಗ ಮಲಗ್ತದ. ಕೆಳಗ ಗೋಣಿತಟ್ಟು, ಮ್ಯಾಲ ಒರಟು ಚಾದರ.

ಭೀಮಾ ದಂಡಿ, ಯಾದಗಿರಿ: ಏಪ್ರಿಲ್‌ದಾಗ ಬಲ್ಬ್? ಮರಿ ಸುಡಾಕ ಹೊಂಟೀರೇನ್ರಿ? ಪತ್ರಾಸ್ ಛತ್ತಿನ ಕೋಲ್ಯಾಗ ಮಧ್ಯಾಹ್ನ ಹಂಗೇ 38 ಇರ್ತದ. ತಾಯಿಗಿ ಸೆಕಿ ತಡೀದ ಡಬ್ಬಿ ಬಿಟ್ಟು ಎದ್ದು ಹೋಗ್ತದ, ಮರಿ ಹಸದು ಒದರ್ತಾವ, ಮಾಲಕ ಅದನ್ನ ಥಂಡಿ ಅಂದ್ಕೊಂಡು ಇನ್ನೊಂದು ಬಲ್ಬ್ ಹಾಕ್ತಾನ! ಮರೀನೇ ನೋಡ್ರಿ: ಒಂದರ ಮ್ಯಾಲೊಂದು ಗುಂಪಾಗಿದ್ರ ಥಂಡಿ, ದೂರ ದೂರ ಬಿದ್ದು ಬಾಯಿ ತೆರದು ಏದುಸಿರು ಬಿಟ್ರ ಸೆಕಿ. ಬಲ್ಬಿನ ರೊಕ್ಕಕ್ಕ ಅಂಚಿಗಿ ಪೈಪ್ ಹಾಕ್ರಿ. ಒಂದೂವರೆ ಇಂಚಿನ ಪಿವಿಸಿ, ನೆಲದಿಂದ 4 ಇಂಚ, ಗ್ವಾಡಿಯಿಂದ 4 ಇಂಚ ಬಿಟ್ಟು ಸುತ್ತಲೂ. ನಮಗ ₹420 ಆತು. ಲ್ಯಾಬ್ ತಾಯಿ ಗ್ವಾಡಿಗಿ ಒರಗಿ ಕುಂತ್ರ ಹಿಂದ ಸಿಕ್ಕ ಮರಿ ಚಪ್ಪಟಿ, ಪೈಪ್ ಇದ್ರ ಸಂದ್ಯಾಗ ಉಳೀತದ.

ಶಹಾಬಾದಿ ಫರಸಿ: ಬೆಳಗಿನ ನಾಕಕ್ಕ ಕೂಲರ್ ಮುಂದ ಎಷ್ಟು ಡಿಗ್ರಿ ಇರ್ತದ ಅಳದೀರಾ? ಹಸಿ ಗಾಳಿ ನೇರ ಬಡದ್ರ ನಿಮ್ಮ 38 ಎಲ್ಲಿ ಹೋತು? ಬಲ್ಬ್ ಹಗಲ ಬಂದ್, ರಾತ್ರಿ ಚಾಲೂ. ಓದಿ ಬರೀರಿ.

ಭೀಮಾ ದಂಡಿ, ಯಾದಗಿರಿ: ಹಗಲ ಬಂದ್ ಅನ್ನೋದು ಈಗ ಬಂತು. ಮೊದಲ ಬರದದ್ದು "ಬೇಕೇ ಬೇಕು". ಕೂಲರಿನ ಮಾರಿ ಗ್ವಾಡಿ ಕಡಿ ತಿರುಗಿಸಿದ್ರ ಮುಗೀತು.

ತಕ್ಕಡಿ, ಬೀದರ: ಇಬ್ಬರೂ ಕಾವಿನ ಬಗ್ಗೆ ಬಡದಾಡ್ರಿ, ಅತ್ತ ಮರಿ ತೂಕ ಕಳಕೊಳ್ಳಲಿ. ಅಡಗಿಮನಿ ಡಿಜಿಟಲ್ ತಕ್ಕಡಿ ₹350, ಬ್ಯಾರೆ ಏನೂ ಇಲ್ಲದಿದ್ರೂ ಅದೊಂದು ಬೇಕು. ದಿನಾ ಒಂದೇ ಹೊತ್ತಿಗಿ ತೂಗ್ರಿ, ಕೊಳ್ಳಿಗಿ ಬಣ್ಣದ ಉಣ್ಣಿ ದಾರ ಕಟ್ಟಿ ಗುರ್ತು ಇಟ್ಕೊಳ್ರಿ, ಎರಡು ದಿನಕ್ಕೊಮ್ಮಿ ಸಡಲ ಮಾಡ್ರಿ. ದಿನಕ್ಕ 5ರಿಂದ 10 ಪರ್ಸೆಂಟ್ ಏರಬೇಕು, ಹತ್ತು ದಿನದ ಸುಮಾರಿಗಿ ಹುಟ್ಟಿದ ತೂಕದ ದುಪ್ಪಟ್ಟು.

ಹಾಲು ಹಾಕೋ ಮೊದಲ ಗುದದಾಗ ಥರ್ಮಾಮೀಟರ್, ತುದಿಗಿ ವ್ಯಾಸಲಿನ್. ಮೊದಲ ವಾರ 95-99 ಫ್ಯಾರನ್‌ಹೀಟ್ ಸರಿ. 95ಕ್ಕಿಂತ ಕೆಳಗಿದ್ರ ಒಂದು ಹನೀನೂ ಹಾಕಬ್ಯಾಡ್ರಿ. ಥಂಡಿ ಮರೀ ಕರಳು ಕೆಲಸ ನಿಲ್ಲಸಿರ್ತದ, ಹಾಲು ಹೊಟ್ಟ್ಯಾಗೇ ಹುಳಿ ಆಗಿ ಉಬ್ಬಿ, ವಾಪಸ್ ಬಂದು ಪುಪ್ಪುಸಕ್ಕ ಇಳೀತದ. ಎದಿಗಿ ಅವಚಿಕೊಂಡು ತಾಸೆರಡು ತಾಸು ನಿಧಾನ ಕಾಸ್ರಿ, ವಸಡಿಗಿ ಗ್ಲೂಕೋಸ್ ನೀರು ಸವರ್ರಿ. ಬಿಸಿನೀರಿಗಿ ಅದ್ದಬ್ಯಾಡ್ರಿ.

ಹಾಲು ಅಂದ್ರ ನಾಯಿಮರಿಗಂತ ಸಿಗೋ ಪೌಡರ್ ಕದಡಿದ್ದು. ಲೆಕ್ಕ: ಮೊದಲ ವಾರ 100 ಗ್ರಾಂ ತೂಕಕ್ಕ ದಿನಕ್ಕ 13ರಿಂದ 15 ಎಂಎಲ್. 400 ಗ್ರಾಂ ಮರಿಗಿ 52-60, ಎಂಟು ಸಲ ಮಾಡಿದ್ರ ಸಲಕ್ಕ ಏಳು ಎಂಎಲ್. ತಾಯಿ ಹಾಲು ಒಂದೀಟು ಸಿಗ್ತಿದ್ರ ಅಷ್ಟು ಕಡಿಮಿ. ಮರಿ ಬೋರಲೇ ಇರ್ಬೇಕು, ಕೂಸಿನಂಗ ಅಂಗಾತ ಹಿಡದ್ರ ಹಾಲು ಶ್ವಾಸನಾಳಕ್ಕ. ಚೀಪೋ ಶಕ್ತಿ ಇಲ್ಲದ್ದಕ್ಕ ಮೆಡಿಕಲ್‌ದಾಗಿನ ಕೂಸಿನ ಫೀಡಿಂಗ್ ಟ್ಯೂಬ್ (₹30), ಮೂಗಿನ ತುದಿಯಿಂದ ಕಡೀ ಪಕ್ಕೆಲುಬಿನ ತನಕ ಅಳದು ಗುರ್ತು ಹಾಕಿದ್ದು. ಗುರ್ತಿನ ತನಕ ಸಲೀಸ ಹೋಗದಿದ್ರ ದಾರಿ ತಪ್ಯಾದ, ತಗೀರಿ. ಕೆಮ್ಮಲಿಲ್ಲ ಅಂತ ನಂಬಬ್ಯಾಡ್ರಿ, ಈ ವಯಸ್ಸಿಗಿ ಕೆಮ್ಮು ಬರದೇ ಇರಬಹುದು. ಡಾಕ್ಟರ್ ಕೈಯಾಗ ಒಮ್ಮಿ ನೋಡಿ ಕಲತೇ ಹಾಕ್ರಿ.

ಎಮ್ಮಿ ಹಾಲು, ಆಳಂದ: ಟ್ಯೂಬ್ ಅಂತ, ಸಾವಿರದ ಮ್ಯಾಲಿನ ಪೌಡರ್ ಡಬ್ಬಿ ಅಂತ! ಎಮ್ಮಿ ಹಾಲಿಗಿ ನೀರು ಬೆರಸಿ ಹಾಕಿದ್ರ ಸಾಕು, ನಮ್ಮಲ್ಲಿ ಎಲ್ಲಾ ಮರಿ ಹಂಗೇ ಬೆಳದಾವ.

ತಕ್ಕಡಿ, ಬೀದರ: ನೀರು ಯಾಕ್ರಿ? ನಾಯಿ ಹಾಲಿನ್ಯಾಗ ಕೊಬ್ಬು 9 ಪರ್ಸೆಂಟ್ ಸುಮಾರು, ಪ್ರೋಟೀನ್ 7-8. ಆಕಳ ಹಾಲಿನ್ಯಾಗ ಎರಡೂ ಅರ್ಧಕ್ಕಿಂತ ಕಡಿಮಿ. ಎಮ್ಮೀದು ಕೊಬ್ಬಿನಾಗ ಸನೇಕ ಬರ್ತದ, ನೀವು ನೀರು ಹಾಕಿ ಅದನ್ನೂ ಕಳೀತೀರಿ. ಲ್ಯಾಕ್ಟೋಸ್ ಎರಡರಾಗೂ ನಾಯಿ ಹಾಲಿಗಿಂತ ಜಾಸ್ತಿ, ಹಂಗಾಗೇ ಹಳದಿ ಭೇದಿ. 400 ಗ್ರಾಂ ಮರಿಗಿ ಒಂದು ದಿನದ ಭೇದಿ ಸಾಕು. ನಡುರಾತ್ರಿ ಪೌಡರ್ ಸಿಗಲಿಲ್ಲಂದ್ರ ನೀರಿಲ್ಲದ ಹಾಲಿಗಿ ಮೊಟ್ಟಿ ಹಳದಿ ಕದಡಿ ಒಂದು ದಿನ ದಬ್ಬಬಹುದು, ಬಿಳಿ ಬ್ಯಾಡ.

ಎಮ್ಮಿ ಹಾಲು, ಆಳಂದ: ಬೀದರದಾಗ ಪಶುವೈದ್ಯ ವಿಶ್ವವಿದ್ಯಾಲಯ ಅದ ಅಂತ ಊರಿನವರೆಲ್ಲ ಡಾಕ್ಟರ್ ಆಗ್ಯಾರ. ತಾಯಿಗಿ ದಿನಾ ಕ್ಯಾಲ್ಸಿಯಂ ಸಿರಪ್ ಹಾಕಿದ್ರ ಹಾಲು ತಾನೇ ಬರ್ತದ. ಗಬ್ಬ ಇದ್ದಾಗಿಂದ್ಲೇ ಹಾಕ್ಬೇಕು.

ಭೀಮಾ ದಂಡಿ, ಯಾದಗಿರಿ: ಇದಕ್ಕ ಮಾತ್ರ ನಾ ತಕ್ಕಡಿಯವರ ಕಡಿ. ಗಬ್ಬದಾಗ ಕ್ಯಾಲ್ಸಿಯಂ ಸುರುವಿದ್ರ ಎಲುಬಿನಾಗಿಂದ ತಕ್ಕೊಳ್ಳೋದನ್ನ ಮೈ ಮರೀತದ. ಹಡದ ಮ್ಯಾಲ ಹಾಲಿಗಿ ಒಮ್ಮೆಲೇ ಬೇಕಾದಾಗ ರಕ್ತದಾಗ ಸಾಲಂಗಿಲ್ಲ. ತಾಯಿ ಕಾಲು ಸೆಟದು ನಡೀತದ, ನಡಗ್ತದ, ಜ್ವರ ಏರ್ತದ. ಹಂಗ ಕಂಡ್ರ ಮರಿ ಬಿಡಿಸಿ ಸೀದಾ ದವಾಖಾನಿ, ಕ್ಯಾಲ್ಸಿಯಂ ನಿಧಾನ ನರಕ್ಕ ಕೊಡಬೇಕಾಗ್ತದ. ಬಾಯಿಗಿ ಸಿರಪ್ ಹಾಕ್ತಾ ಕುಂತ್ರ ತಾಯೀನೂ ಇಲ್ಲ. ಏಳು ಮರಿ ತಾಯಿಗಿ ಬೇಕಾದದ್ದು ಕೂಳು, ಎಂದಿಗಿಂತ ಎರಡು ಮೂರು ಪಟ್ಟು, ಮತ್ತ ಸದಾ ನೀರು.

ಹೊಸ ಮಾಲಕ, ಕಲಬುರಗಿ: ಆ ಎರಡು ಸಣ್ಣವಕ್ಕ ಹೊಟ್ಟಿ ಉಬ್ಬಿದಂಗ ಅನಸ್ತದ. ಉಚ್ಚೀನೂ ಕಂಡಿಲ್ಲ.

ಶಹಾಬಾದಿ ಫರಸಿ: ತಾಯಿ ನೆಕ್ಕದಿದ್ರ ಮರಿಗಿ ಉಚ್ಚಿ, ಸಂಡಾಸ ತಾನಾಗಿ ಬರಂಗಿಲ್ಲ, ಮೂರು ವಾರದ ತನಕ. ಹತ್ತಿ ಉಗುರುಬೆಚ್ಚನ ನೀರಾಗ ಅದ್ದಿ ಹಾಲಿನ ಮೊದಲೂ ಆಮ್ಯಾಲೂ ಸವರ್ರಿ. ಉಚ್ಚಿ ದಟ್ಟ ಹಳದಿ ಬಂದ್ರ ನೀರು ಕಡಿಮಿ ಬಿದ್ದದ. ಉಬ್ಬು ಇಳೀದಿದ್ರ ಇವತ್ತೇ ಡಾಕ್ಟರ್. ಹಿಂದಿನ ನಾಕು ಮೊಲಿಗಿ ಹಾಲು ಜಾಸ್ತಿ, ಗಟ್ಟಿ ಐದನ್ನ ಅರ್ಧ ತಾಸು ಬುಟ್ಟ್ಯಾಗ ಹಾಕಿ ಸಣ್ಣವನ್ನ ಅಲ್ಲೇ ಹಚ್ರಿ. ಮತ್ತ ಡಬ್ಬಿ ಫಿನಾಯಿಲ್‌ದಿಂದ ಒರಸಬ್ಯಾಡ್ರಿ.

ಎಮ್ಮಿ ಹಾಲು, ಆಳಂದ: ಈಗ ಫಿನಾಯಿಲ್ಲೂ ಬ್ಯಾಡ! ಪಾರ್ವೊ ಭೇದಿ ರೋಗ ಬಂದ್ರ?

ಶಹಾಬಾದಿ ಫರಸಿ: ಪಾರ್ವೊ ಅದಕ್ಕ ಬಗ್ಗಂಗಿಲ್ಲ, ಮರಿ ಮೈಗಿ ಹತ್ತಿದ್ರ ಅದೇ ವಿಷ. ಬ್ಲೀಚ್ ಒಂದು ಪಾಲು, ನೀರು ಮೂವತ್ತು, ಹತ್ತು ನಿಮಿಷ ಬಿಟ್ಟು ತೊಳದು ಒಣಗಿಸಿ ಆಮ್ಯಾಲ ಮರಿ.

ತಕ್ಕಡಿ, ಬೀದರ: ಹುಳದ ಔಷಧ ಬಿಟ್ರಿ. ಪೈರಾಂಟೆಲ್ 2, 4, 6, 8ನೇ ವಾರ, ತೂಕದ ಮ್ಯಾಲ, ತಾಯಿಗೂ ಕೂಡಿ. ಲಸಿಕಿ ಆರರಿಂದ ಎಂಟನೇ ವಾರಕ್ಕ ಚಾಲೂ.

ಎಮ್ಮಿ ಹಾಲು, ಆಳಂದ: ಅಷ್ಟು ದಿನ ಯಾರು ಇಟ್ಕೋತಾರ್ರಿ? ತಿಂಗಳಾತಂದ್ರ ಮಾರಿಬಿಡೋದು.

ತಕ್ಕಡಿ, ಬೀದರ: ಎಂಟು ವಾರದೊಳಗ ಮಾರಂಗಿಲ್ಲ ಅಂತ 2017ರ ಕೇಂದ್ರ ನಿಯಮ ಅದ, ಓದಿಕೊಳ್ರಿ.

ಎಮ್ಮಿ ಹಾಲು, ಆಳಂದ: ಎಂಟು ವಾರದ ಕೂಳಿನ ಬಿಲ್ಲು ಆ ನಿಯಮ ಕೊಡ್ತದೇನು?

ಭೀಮಾ ದಂಡಿ, ಯಾದಗಿರಿ: ಕೂಳಿನ ಲೆಕ್ಕ ಮೊದಲೇ ಹಾಕಬೇಕಿತ್ರಿ ಅಣ್ಣಾ, ಹಡಿಯಾಕ ಬಿಟ್ಟ ನಂತರ ಅಲ್ಲ.