ಮಳೆಗಾಲದಲ್ಲಿ ಅಂಟಂಟಾದ 1/7 ಫಿಗರ್: ಪೇಂಟ್ ಕೆಟ್ಟಿದೆಯಾ, ಇಲ್ಲಾ ನಕಲಿಯಾ?

ಪ್ರಶ್ನೆ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಸ್ಕೇಲ್ ಫಿಗರ್, ಅಂದರೆ ಪಾತ್ರದ ಅಳತೆಯನ್ನು ಏಳನೇ ಒಂದು ಭಾಗಕ್ಕೆ ಇಳಿಸಿ ಮಾಡಿದ ಪ್ಲಾಸ್ಟಿಕ್ ಬೊಂಬೆ. ಕತ್ತಿ ಹಿಡಿದು ನಿಂತ ಹುಡುಗಿ, ಉದ್ದ ಕೂದಲು, ಬಿಳಿ ಕಾಲರ್ ಮೇಲೆ ಕೆಂಪು ರಿಬ್ಬನ್. ಎರಡು ವರ್ಷ ದುಡ್ಡು ಕೂಡಿಟ್ಟು ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡೆ. ಬಂದು ಮೂರು ವಾರ ಆಯಿತು. ಒಂದು ತಿಂಗಳ ಒಳಗೆ ವಾಪಸ್ ಕೊಡಬಹುದು ಅಂದಿದ್ದಾರೆ.

ಈಗ ಲಂಗ, ಕಾಲು ಮುಟ್ಟಿದರೆ ಅಂಟಂಟು. ಚರ್ಮದ ಭಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ. ಕಾಲರ್ ಮೇಲೆ ಕೆಂಪು ಕಲೆ ಇದೆ. ಹಿಂದುಗಡೆ ಕೂದಲಿನ ಮೇಲೆ ಒಂದು ಗೆರೆ ಅಡ್ಡ ಹೋಗಿದೆ. ಫಿಗರ್ ಸ್ವಲ್ಪ ಮುಂದಕ್ಕೆ ಬಾಗಿದೆ ಅಂತಲೂ ಅನುಮಾನ. ಮಳೆ ಶುರುವಾದ ಮೇಲೆ ಮನೆಯೊಳಗೇ ಮಂಜು ಬರುತ್ತದೆ, ಅದಕ್ಕೆ ಬೀರುವಿನಲ್ಲಿ ಇಟ್ಟಿದ್ದೇನೆ. ಸ್ಕಲ್ಪ್ಟ್ (ಬೊಂಬೆಯ ಆಕಾರದ ಕೆತ್ತನೆ), ಪೇಂಟ್ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯೋದು? ವಾಪಸ್ ಕಳಿಸಲಾ?

ಉತ್ತರ (ಕುಶಾಲನಗರ)

ಅಂಟು ಇದ್ದರೆ ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ ನೋಡಿ. ನನ್ನ ಮೊಬೈಲ್ ಕವರ್‌ಗೆ ಹಾಗೇ ಮಾಡಿದ್ದೆ.

ಉತ್ತರ (ಗೋಣಿಕೊಪ್ಪ)

ಸ್ಪಿರಿಟ್ ಬೇಡ, ದಯವಿಟ್ಟು. ಸ್ಪಿರಿಟ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಯಾವುದೂ ಬೇಡ. ಅಂಟಿನ ಜೊತೆ ಪೇಂಟೂ ಎದ್ದು ಬರುತ್ತದೆ. ಫಿಗರ್ ಮುಖದಲ್ಲಿ ಅಳಿಸಿ ಹೋದ ಕಣ್ಣು ಮತ್ತೆ ಬರೋದಿಲ್ಲ.

ಮೊದಲು ಒಂದು ಮಾತು. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ: ಅಚ್ಚಿನಲ್ಲೇ ಆದದ್ದು, ಬಣ್ಣ ಹಚ್ಚುವಾಗ ಆದದ್ದು, ಮನೆಗೆ ಬಂದ ಮೇಲೆ ಆದದ್ದು. ಇವನ್ನು ಬಿಡಿಸದೆ ಫಿಗರ್‌ಗೆ ಬೆಲೆ ಕಟ್ಟಲು ಆಗುವುದಿಲ್ಲ. ಅಂಟು ಮೂರನೆಯದು. ಅದಕ್ಕೂ ಪೇಂಟ್ ಗುಣಮಟ್ಟಕ್ಕೂ ಸಂಬಂಧ ಇಲ್ಲ.

ಇಂಥ ಫಿಗರ್‌ಗಳು ಹೆಚ್ಚಾಗಿ ಪಿವಿಸಿ ಅನ್ನೋ ಪ್ಲಾಸ್ಟಿಕ್. ಕತ್ತಿ, ಸ್ಟ್ಯಾಂಡ್‌ನಂಥ ಗಟ್ಟಿ ಭಾಗಗಳಿಗೆ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಬಳಸುತ್ತಾರೆ. ಪಿವಿಸಿ ಮೆತ್ತಗಿರಲಿ ಅಂತ ಪ್ಲಾಸ್ಟಿಸೈಸರ್ ಅನ್ನೋ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಗಾಳಿಯಾಡದ ಕಡೆ, ಅದರಲ್ಲೂ ಬಿಸಿ ಇದ್ದರೆ, ಅದು ಮೆಲ್ಲಗೆ ಬೆವರಿನ ಹಾಗೆ ಹೊರಗೆ ಬರುತ್ತದೆ. ಅಸಲಿ ಫಿಗರ್‌ಗೂ ಹೀಗೆ ಆಗುತ್ತದೆ. ಅಂಟು ಇದ್ದಾಗ ಚರ್ಮದ ಹೊಳಪು ನೋಡಿ ನಕಲಿ ಅಂತ ತೀರ್ಮಾನ ಮಾಡಬೇಡಿ. ಮೊದಲು ತೊಳೆಯಿರಿ, ಆಮೇಲೆ ನೋಡಿ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಮೆತ್ತನೆಯ ಬ್ರಷ್‌ನಲ್ಲಿ ಸುಮ್ನೆ ಸವರಿ. ಉಜ್ಜಬೇಡಿ. ಒಳ್ಳೆ ನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಫ್ಯಾನ್ ಕೆಳಗೆ ಇಡಿ. ಒಲೆ ಮೇಲೆ ಬಟ್ಟೆ ಒಣಗಿಸುವ ಜಾಗ ಇರುತ್ತದಲ್ಲ, ಅಲ್ಲಿ ಮಾತ್ರ ಬೇಡ.

ಆಮೇಲೆ ಎರಡು ಥರ ಫೋಟೋ ತೆಗೆಯಿರಿ. ಬಣ್ಣಕ್ಕೆ ಕಿಟಕಿ ಬೆಳಕು ಸಾಕು. ಮಡಿಕೇರಿಯ ಮೋಡದ ಬೆಳಕು ಇದಕ್ಕೆ ತುಂಬಾ ಒಳ್ಳೆಯದು. ನೆರಳು ಬೀಳುವುದಿಲ್ಲ, ಬಣ್ಣ ಇದ್ದ ಹಾಗೆ ಕಾಣುತ್ತದೆ. ಆದರೆ ಅದೇ ಬೆಳಕು ಅಚ್ಚಿನ ತಪ್ಪನ್ನು ಮುಚ್ಚಿಬಿಡುತ್ತದೆ. ಅದಕ್ಕೆ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಅನ್ನು ಪಕ್ಕದಿಂದ, ಮೈಗೆ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಗೆರೆ, ತಗ್ಗು, ಉಬ್ಬು ಎಲ್ಲ ಎದ್ದು ಕಾಣುತ್ತವೆ.

ಸ್ಟ್ಯಾಂಡ್ ಬಿಟ್ಟು ಎತ್ತರ ಅಳೆಯಿರಿ. ಬೀರು ಅಂದಿರಲ್ಲ, ಒಳಗೆ ಬಲ್ಬ್ ಏನಾದರೂ ಇದೆಯಾ?

ಮತ್ತೆ ಪ್ರಶ್ನೆ ಕೇಳಿದವರಿಂದ

ಅಣ್ಣ, ಬಲ್ಬ್ ಇದೆ! ಅಮ್ಮನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಬಾರದು ಅಂತ ಮಳೆಗಾಲ ಪೂರ್ತಿ 40 ವಾಟ್ ಬಲ್ಬ್ ಉರಿಯುತ್ತದೆ. ಫಿಗರ್ ಅದರ ಮೇಲಿನ ಖಾನೆಯಲ್ಲೇ ಇತ್ತು.

ತೊಳೆದೆ. ಅಂಟು ಹೋಯಿತು, ಎಣ್ಣೆ ಹೊಳಪೂ ಹೋಯಿತು. ಎತ್ತರ 23 ಸೆಂ.ಮೀ. ಕಂಪನಿ ಕೊಟ್ಟ ಅಳತೆಯೂ ಅದೇ. ಫೋಟೋ ಹಾಕಿದ್ದೇನೆ.

ಉತ್ತರ (ಗೋಣಿಕೊಪ್ಪ)

ಹಾಗಾದರೆ ಅಂಟಿಗೂ ಬಾಗಿದ್ದಕ್ಕೂ ಬಲ್ಬೇ ಕಾರಣ ಅಂತ ನನಗೆ ಅನಿಸುತ್ತದೆ. ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆ. ನಿಮ್ಮ ಫಿಗರ್‌ನ ಭಾರ ಪೂರ್ತಿ ಒಂದೇ ಕಣಕಾಲಿನ ಮೇಲಿದೆ. ಮೂರು ವಾರ ಹಗಲೂ ರಾತ್ರಿ ಬಿಸಿ ತಾಗಿದರೆ ಬಾಗದೆ ಇನ್ನೇನು?

ಈಗ ಸ್ಕಲ್ಪ್ಟ್. ನಾನು ಯಾವಾಗಲೂ ಕೂದಲಿನ ತುದಿಯಿಂದ ಶುರು ಮಾಡುತ್ತೇನೆ. ನಕಲಿ ಮಾಡುವವರು ಎಷ್ಟೋ ಸಲ ಅಸಲಿ ಫಿಗರ್ ಮೇಲೆಯೇ ಅಚ್ಚು ತೆಗೆಯುತ್ತಾರೆ. ಹಾಗೆ ಮಾಡಿದಾಗ ಸಣ್ಣ ಗೆರೆಗಳು ಮಾಸುತ್ತವೆ, ಚೂಪು ತುದಿ ಮೊಂಡಾಗುತ್ತದೆ, ಎತ್ತರವೂ ಕೆಲವು ಮಿಲಿಮೀಟರ್ ಕಮ್ಮಿ ಬರುತ್ತದೆ. ನಿಮ್ಮದರಲ್ಲಿ ತುದಿಗಳು ಚೂಪಾಗಿವೆ. ಲಂಗದ ಮಡಿಕೆಗಳ ಒಳಗೂ ಗೆರೆ ಸ್ಪಷ್ಟ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಕತ್ತಿಯ ಹಿಡಿ ಕೈಯೊಳಗೆ ಸರಿಯಾಗಿ ಕೂತಿದೆ. ಎತ್ತರವೂ ಸರಿ. ಈ ಫೋಟೋಗಳಲ್ಲಿ ನಕಲಿಯ ಗುರುತು ಒಂದೂ ಕಾಣಲಿಲ್ಲ.

ಆದರೆ ಕೂದಲಿನ ಆ ಗೆರೆ ಮಾತ್ರ ಅಚ್ಚಿನ ತಪ್ಪೇ. ಅಚ್ಚಿನ ಎರಡು ಹೋಳು ಸೇರುವ ಕಡೆ ಗೆರೆ ಬಂದೇ ಬರುತ್ತದೆ. ಒಳ್ಳೆ ಕೆಲಸದಲ್ಲಿ ಅದನ್ನು ಕೂದಲಿನ ಎಳೆಗಳ ನಡುವಿನ ತಗ್ಗಿನಲ್ಲಿ ಅಡಗಿಸುತ್ತಾರೆ, ಇಲ್ಲಾ ಉಜ್ಜಿ ತೆಗೆಯುತ್ತಾರೆ. ನಿಮ್ಮದು ಎಳೆಯನ್ನು ಅಡ್ಡ ದಾಟಿದೆ. ಟಾರ್ಚ್ ಬೆಳಕಲ್ಲಿ ಜೋರಾಗಿ ಕಾಣುತ್ತದೆ, ಕಿಟಕಿ ಬೆಳಕಲ್ಲಿ ಕಷ್ಟಪಟ್ಟು ಹುಡುಕಬೇಕು. ಮನೆಯಲ್ಲಿ ಉಜ್ಜಲು ಹೋದರೆ ಪೇಂಟ್ ಹೋಗುತ್ತದೆ. ಇದರ ಜೊತೆ ಬದುಕಬಹುದಾ ಅಂತ ನೀವೇ ನೋಡಬೇಕು.

ಪೇಂಟ್ ವಿಷಯಕ್ಕೆ ಬಂದರೆ, ಮುಖ ನೋಡಿ ನನಗೆ ತುಂಬಾ ಖುಷಿ ಆಯಿತು. ಕಣ್ಣು ಕೈಯಲ್ಲಿ ಬರೆದದ್ದಲ್ಲ. ಸಾಮಾನ್ಯವಾಗಿ ಮೆತ್ತನೆಯ ಸಿಲಿಕೋನ್ ಮುದ್ರೆ ಬಳಸುವ ಪ್ಯಾಡ್ ಪ್ರಿಂಟಿಂಗ್‌ನಲ್ಲಿ ಒಂದರ ಮೇಲೊಂದು ಬಣ್ಣ ಒತ್ತುತ್ತಾರೆ. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ನೋಟ ಕೆಡುತ್ತದೆ. ಎರಡೂ ಕಣ್ಣು ಒಂದೇ ಕಡೆ ನೋಡುತ್ತಿವೆಯಾ ಅನ್ನೋದೇ ಇಲ್ಲಿ ಪರೀಕ್ಷೆ, ನಿಮ್ಮದರಲ್ಲಿ ನೋಡುತ್ತಿವೆ. ಕೂದಲಿನ ಬುಡದಿಂದ ತುದಿಗೆ ಬಣ್ಣ ತಿಳಿಯಾಗುತ್ತಾ ಹೋಗಿದೆಯಲ್ಲ, ಅದು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೆಲಸ. ಎಲ್ಲೂ ಪಟ್ಟಿ ಬಿದ್ದಿಲ್ಲ, ಹನಿ ಸಿಡಿದಿಲ್ಲ. ಬೆಲ್ಟಿನ ಬಕಲ್‌ನಲ್ಲಿ ಬಣ್ಣ ಸ್ವಲ್ಪ ಅಂಚು ದಾಟಿದೆ, ಅದು ಮಾಮೂಲಿ.

ಕಾಲರ್ ಕಲೆ ಹತ್ತಿರದಿಂದ ನೋಡಿ. ಬಣ್ಣ ಹಚ್ಚುವಾಗ ದಾಟಿದ್ದಾದರೆ ಕಲೆ ರಿಬ್ಬನ್ ಅಂಚಿಗೆ ಅಂಟಿಕೊಂಡೇ ಇರುತ್ತದೆ. ನಿಮ್ಮದು ಅಂಚಿನಿಂದ ದೂರ ಇದೆ. ರಿಬ್ಬನ್‌ನ ತುದಿ ಕಾಲರ್‌ಗೆ ತಾಗುವ ಜಾಗ ಅದೇ ಅಲ್ವಾ? ಹಾಗಿದ್ದರೆ ಬಣ್ಣ ಅಲ್ಲಿಂದ ಹತ್ತಿದೆ. ಮೆಲಮೈನ್ ಸ್ಪಂಜ್ (ಕಲೆ ತೆಗೆಯುವ ಬಿಳಿ ಸ್ಪಂಜ್) ಅನ್ನು ಚಿಕ್ಕದಾಗಿ ಕತ್ತರಿಸಿ, ಒದ್ದೆ ಮಾಡಿ ಎರಡೇ ಸಲ ಸವರಿ. ಅದೂ ಸಣ್ಣಗೆ ಮರಳು ಕಾಗದದ ಹಾಗೆ ಕೆಲಸ ಮಾಡುತ್ತದೆ, ಆದ್ದರಿಂದ ಪೂರ್ತಿ ಹೋಗದಿದ್ದರೂ ಅಲ್ಲಿಗೇ ಬಿಟ್ಟುಬಿಡಿ.

ಕಾಲು ನೆಟ್ಟಗೆ ಮಾಡಲು ಗೀಸರ್‌ನ ಬಿಸಿ ನೀರು ಸಾಕು, ಕುದಿಯುವ ನೀರು ಬೇಡ. ಕಣಕಾಲು ಮಾತ್ರ ಒಂದೆರಡು ನಿಮಿಷ ಮುಳುಗಿಸಿ, ಮೆಲ್ಲಗೆ ಸರಿಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಒಂದೇ ಸಲಕ್ಕೆ ಪೂರ್ತಿ ತಿರುಗಿಸಬೇಡಿ.

ನನ್ನ ಕೈಯಲ್ಲಿದ್ದರೆ ವಾಪಸ್ ಕಳಿಸುತ್ತಿರಲಿಲ್ಲ.

ಮತ್ತೆ ಪ್ರಶ್ನೆ ಕೇಳಿದವರಿಂದ

ಕಾಲು ಎರಡನೇ ಸಲಕ್ಕೆ ನೆಟ್ಟಗಾಯಿತು. ಕಲೆ ಮುಕ್ಕಾಲು ಭಾಗ ಹೋಯಿತು, ಅಲ್ಲಿಗೇ ನಿಲ್ಲಿಸಿದೆ. ಬಲ್ಬ್ ತೆಗೆಯಲು ಅಮ್ಮ ಒಪ್ಪಲಿಲ್ಲ, ಅದಕ್ಕೆ ಫಿಗರ್ ಈಗ ಓದುವ ಮೇಜಿನ ಮೇಲಿದೆ. ಫಿಗರ್‌ನ ಡಬ್ಬಿ ಮಾತ್ರ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟೆ. ಮೇಜಿನ ಮೇಲೆ ಮಂಜು ತಾಗಿದರೆ ತೊಂದರೆ ಇಲ್ಲ ತಾನೇ?

ಉತ್ತರ (ಗೋಣಿಕೊಪ್ಪ)

ಪಿವಿಸಿಗೆ ಮಂಜಿನಿಂದ ಅಂಥ ತೊಂದರೆ ಇಲ್ಲ. ಧೂಳಿನ ಮೇಲೆ ತೇವ ಕೂತರೆ ಬೂಷ್ಟು ಬರುತ್ತದೆ, ವಾರಕ್ಕೊಮ್ಮೆ ಒಣ ಬ್ರಷ್ ಆಡಿಸಿ. ಮಳೆ ಹೋಗಿ ಬಿಸಿಲು ಬಂದಾಗ ಆ ಮೇಜು ಕಿಟಕಿ ಪಕ್ಕದಲ್ಲಿದ್ದರೆ ಜಾಗ ಬದಲಿಸಿ, ಬಿಸಿಲಿಗೆ ಬಣ್ಣ ಮಾಸುತ್ತದೆ.